"ನೂಕಿದ್ರು ಅಷ್ಟೇ ಅಲ್ವಾ?": ಆಸ್ಪತ್ರೆಯಲ್ಲಿ ಹಲ್ಲೆ ಆದಾಗ ಕಾನೂನು ಶುರುವಾಗುವುದು ಎಲ್ಲಿಂದ

ಹೋದ ವರ್ಷ ಒಂದು ಮಧ್ಯಾಹ್ನ ಮಂಡ್ಯದ ನನ್ನ ವಕೀಲಿ ಆಫೀಸಿಗೆ ನಮ್ಮೂರ ಕಡೆಯ ಹುಡುಗಿಯೊಬ್ಬಳು ಬಂದಳು. ಖಾಸಗಿ ನರ್ಸಿಂಗ್ ಹೋಂ ಒಂದರಲ್ಲಿ ಸ್ಟಾಫ್ ನರ್ಸ್. ನೈಟ್ ಡ್ಯೂಟಿ ಮುಗಿಸಿ, ಪೊಲೀಸ್ ಠಾಣೆಗೆ ಹೋಗಿ, ಮಲಗದೆ ಸೀದಾ ಬಂದಿದ್ದಳು. ಬಲಗೈ ಮಣಿಕಟ್ಟಿಗೆ ಕ್ರೇಪ್ ಬ್ಯಾಂಡೇಜ್. ಅದನ್ನು ಎಡಗೈಯಲ್ಲಿ ಅವಳೇ ಸುತ್ತಿಕೊಂಡಿದ್ದಳು. ಹಾಗಾಗಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಪ್ಲಾಸ್ಟಿಕ್ ಕವರಿನಿಂದ ಮಡಚಿದ ಎರಡು ಹಾಳೆ ತೆಗೆದು ಮೇಜಿನ ಮೇಲಿಟ್ಟಳು.

"ಅಕ್ಕ, ಇದು ಕೇಸೇ ಆಗಕ್ಕಿಲ್ವಂತೆ. ನೂಕಿದ್ರು ಅಷ್ಟೇ ಅಲ್ವಾ, ಬೇಕಾದ್ರೆ ಕೋರ್ಟಲ್ಲಿ ನೋಡ್ಕೊಳ್ಳಿ ಅಂದ್ರು."

ಒಂದು ಹಾಳೆ ಅವಳು ಕೊಟ್ಟ ದೂರಿನ ಪ್ರತಿ. ಇನ್ನೊಂದು, ಎಫ್‌ಐಆರ್ ಬದಲು ಠಾಣೆಯವರು ಕೊಟ್ಟ ಎನ್‌ಸಿಆರ್. ದೂರಿನಲ್ಲಿ ಮೂರೇ ಸಾಲು. ಪೇಷೆಂಟ್ ಕಡೆಯವರು ಗಲಾಟೆ ಮಾಡಿ ಬೈದು ನೂಕಿರುತ್ತಾರೆ, ಕೈ ನೋವಾಗಿರುತ್ತದೆ, ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ. ಅಷ್ಟೇ.

ಕಾಫಿ ತರಿಸಿ, ನಿಧಾನವಾಗಿ ಕೇಳಿದೆ. ಆಗ ಹೊರಬಂದಿದ್ದು ಬೇರೆಯೇ ಕಥೆ. ರಾತ್ರಿ ಹನ್ನೊಂದೂವರೆ. ಉಸಿರಾಟದ ತೊಂದರೆ ಇದ್ದ ಹಿರಿಯರೊಬ್ಬರನ್ನು ಮಗ ಮತ್ತು ಇಬ್ಬರು ನೆಂಟರು ಕರೆತಂದಿದ್ದರು. ಡ್ಯೂಟಿ ಡಾಕ್ಟರ್ ಓಟಿಯಲ್ಲಿದ್ದರು. ಇವಳು ಆಕ್ಸಿಜನ್ ಹಾಕಿ, ಐವಿ ಲೈನ್ ಹಾಕಲು ಸೂಜಿ ಹಿಡಿದಿದ್ದಳು. "ಡಾಕ್ಟ್ರನ್ನ ಕರಿ ಮೊದ್ಲು" ಎಂದು ಮಗ ಆ ಕೈಯನ್ನೇ ಹಿಡಿದು ತಿರುಚಿದ. ಇನ್ನೊಬ್ಬ ಡ್ರಿಪ್ ಸ್ಟ್ಯಾಂಡ್ ಎತ್ತಿ ಎಸೆದ. ಮಾನಿಟರ್ ಗಾಜು ಬಿರುಕು ಬಿಟ್ಟಿತು. ಪಕ್ಕದ ಬೆಡ್ಡಿನ ರೋಗಿಯ ಲೈನ್ ಕಿತ್ತುಬಂದು ನೆಲದ ಮೇಲೆಲ್ಲ ರಕ್ತ. ಇವಳು ಆ ರಕ್ತ ನಿಲ್ಲಿಸಿ, ಮತ್ತೆ ಬಂದು ಆ ಹಿರಿಯರಿಗೆ ಎಡಗೈಯಲ್ಲೇ ಲೈನ್ ಹಾಕಿದಳು. ಬೆಳಿಗ್ಗೆ ಎಂಟರವರೆಗೆ ಡ್ಯೂಟಿ ಮಾಡಿದಳು.

ಇದರಲ್ಲಿ ಒಂದು ಮಾತೂ ದೂರಿನಲ್ಲಿ ಇರಲಿಲ್ಲ. ಅವಳು ನರ್ಸ್ ಅನ್ನುವುದು ಕೂಡ ಇರಲಿಲ್ಲ.

ಇಷ್ಟು ವರ್ಷ ಇಂಥ ಕೇಸುಗಳನ್ನು ನೋಡಿದ ಮೇಲೆ ನನಗೆ ಖಚಿತವಾಗಿರುವುದು ಇಷ್ಟು. ಆಸ್ಪತ್ರೆಯಲ್ಲಿ ಕೆಲಸ ಮಾಡುವವರನ್ನು ಕಾಪಾಡಲು ನಮ್ಮಲ್ಲಿ ಕಾನೂನು ಇದೆ. ಗಟ್ಟಿಯಾಗಿಯೇ ಇದೆ. ಆದರೆ ಯಾರ ಮೇಲೆ, ಎಲ್ಲಿ, ಏನು ಕೆಲಸ ಮಾಡುತ್ತಿದ್ದಾಗ ಹಲ್ಲೆ ಆಯಿತು ಎಂಬ ಮೂರು ಪ್ರಶ್ನೆಗೆ ಮೊದಲ ದೂರಿನಲ್ಲೇ ಉತ್ತರ ಇಲ್ಲದಿದ್ದರೆ ಆ ಕಾನೂನು ಎದ್ದು ಬರುವುದೇ ಇಲ್ಲ.

ಮೊದಲು ಎನ್‌ಸಿಆರ್ ಅಂದರೇನು ನೋಡೋಣ. ಅಪರಾಧಗಳಲ್ಲಿ ಎರಡು ಜಾತಿ. ಪೊಲೀಸರು ತಾವೇ ಎಫ್‌ಐಆರ್ ಹಾಕಿ ತನಿಖೆ ಮಾಡಬಹುದಾದದ್ದು ಒಂದು. ಇದನ್ನು ಸಂಜ್ಞೇಯ ಅಪರಾಧ ಅನ್ನುತ್ತಾರೆ. ಮ್ಯಾಜಿಸ್ಟ್ರೇಟ್ ಅನುಮತಿ ಇಲ್ಲದೆ ತನಿಖೆ ಮಾಡಲು ಬಾರದ ಸಣ್ಣಪುಟ್ಟದ್ದು ಇನ್ನೊಂದು, ಅಸಂಜ್ಞೇಯ. ಎರಡನೆಯದಕ್ಕೆ ಎನ್‌ಸಿಆರ್, ಅಂದರೆ ಅಸಂಜ್ಞೇಯ ಅಪರಾಧದ ವರದಿ, ಬರೆದು ಕಳಿಸುತ್ತಾರೆ. ಸಾಮಾನ್ಯ ಗಾಯ ಮಾಡುವುದು, ಅಂದರೆ ಹಳೆಯ ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 115(2)ನೇ ಕಲಂ, ಅಸಂಜ್ಞೇಯ. ಸಂತೆಯಲ್ಲಿ ಇಬ್ಬರು ಜಗಳ ಆಡಿ ಒಬ್ಬರನ್ನೊಬ್ಬರು ನೂಕಿ ನೋವು ಮಾಡಿದರೆ ಅದು ಇದೇ ಕಲಂಗೆ ಬರುತ್ತದೆ. ನಮ್ಮ ಹುಡುಗಿಯ ಮೂರು ಸಾಲು ಓದಿದವರಿಗೆ ಅದೂ ಸಂತೆ ಜಗಳದ ಹಾಗೆಯೇ ಕಂಡಿದೆ. ಠಾಣೆಯಲ್ಲಿ ಇದ್ದವರು "ನೀನು ಏನಮ್ಮ ಕೆಲಸ ಮಾಡೋದು, ಎಲ್ಲಿ ಆಯ್ತು ಇದು?" ಎಂದು ಒಂದು ಮಾತು ಕೇಳಬೇಕಿತ್ತು. ಬ್ಯಾಂಡೇಜ್ ಸುತ್ತಿದ ಕೈ ಎದುರಿಗೇ ಇತ್ತು. ಕೇಳಲಿಲ್ಲ. ಅದು ತಪ್ಪು.

ಈಗ ನಮ್ಮ ರಾಜ್ಯದ ಕಾಯ್ದೆಗೆ ಬರೋಣ. ವೈದ್ಯಕೀಯ ಸೇವಾ ಸಿಬ್ಬಂದಿಯ ಮೇಲೆ ಹಿಂಸಾಚಾರ ಮತ್ತು ವೈದ್ಯಕೀಯ ಸಂಸ್ಥೆಗಳ ಆಸ್ತಿ ಹಾನಿಯನ್ನು ನಿಷೇಧಿಸುವ ಕರ್ನಾಟಕದ ಕಾಯ್ದೆ ಬಂದಿದ್ದು 2009ರಲ್ಲಿ. ಹೆಸರು ಉದ್ದ, ಕಾಯ್ದೆ ಚಿಕ್ಕದು. ಕುಳಿತರೆ ಹತ್ತು ನಿಮಿಷದಲ್ಲಿ ಓದಿ ಮುಗಿಸಬಹುದು. ಇದರ ದೊಡ್ಡ ಗುಣ ಏನೆಂದರೆ, ಸರ್ಕಾರಿ ಆಸ್ಪತ್ರೆ, ಖಾಸಗಿ ಆಸ್ಪತ್ರೆ ಎಂಬ ಭೇದ ಮಾಡುವುದಿಲ್ಲ. ಡಾಕ್ಟರ್, ನರ್ಸ್, ಮೆಡಿಕಲ್ ವಿದ್ಯಾರ್ಥಿ, ನರ್ಸಿಂಗ್ ವಿದ್ಯಾರ್ಥಿ, ಪ್ಯಾರಾಮೆಡಿಕಲ್ ಸಿಬ್ಬಂದಿ ಎಲ್ಲರೂ ಇದರ ನೆರಳಿಗೆ ಬರುತ್ತಾರೆ. ಇದರ ಅಡಿಯಲ್ಲಿ ಬರುವ ಅಪರಾಧ ಸಂಜ್ಞೇಯ, ಜಾಮೀನು ರಹಿತ. ಕಾಯ್ದೆ ಬಂದಾಗ ಇಟ್ಟ ಶಿಕ್ಷೆ 3 ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ.

ಹಿಂಸಾಚಾರ ಎಂಬ ಪದವನ್ನು ಈ ಕಾಯ್ದೆ ತುಂಬ ಅಗಲವಾಗಿ ಹಿಡಿದಿದೆ. ಹೊಡೆದು ಗಾಯ ಮಾಡಬೇಕೆಂದೇನೂ ಇಲ್ಲ. ಕೆಲಸ ಮಾಡುತ್ತಿರುವವರನ್ನು ಹೆದರಿಸುವುದು, ಅಡ್ಡಗಟ್ಟುವುದು, ಅವರ ಕೆಲಸಕ್ಕೆ ತೊಡಕು ಮಾಡುವುದು, ಆಸ್ಪತ್ರೆಯ ಸಾಮಾನು ಒಡೆಯುವುದು ಎಲ್ಲವೂ ಅದರೊಳಗೆ ಸೇರುತ್ತದೆ. ಐವಿ ಲೈನ್ ಹಾಕುತ್ತಿದ್ದ ಕೈ ತಿರುಚಿದ್ದು, ಸ್ಟ್ಯಾಂಡ್ ಎಸೆದಿದ್ದು, ಮಾನಿಟರ್ ಒಡೆದಿದ್ದು ಮೂರೂ ಇದರ ನಡುಮಧ್ಯಕ್ಕೆ ಬಂದು ಬೀಳುತ್ತವೆ. ಒಂದು ಘಟನೆಯಲ್ಲಿ ಹಲವು ಅಪರಾಧ ಇದ್ದು, ಅದರಲ್ಲಿ ಒಂದು ಸಂಜ್ಞೇಯವಾಗಿದ್ದರೂ ಸಾಕು, ಇಡೀ ಕೇಸನ್ನು ಸಂಜ್ಞೇಯ ಎಂದೇ ತಗೋಬೇಕು ಎಂದು, ತನಿಖೆ ಮತ್ತು ವಿಚಾರಣೆ ಹೇಗೆ ನಡೆಯಬೇಕೆಂದು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 174ನೇ ಕಲಂ ಹೇಳುತ್ತದೆ. ಅಂದರೆ ಅವಳ ಕೈಗೆ ಎನ್‌ಸಿಆರ್ ಬಂದದ್ದೇ ಸರಿಯಲ್ಲ.

ಒಡೆದ ಸಾಮಾನಿನ ವಿಚಾರವೂ ಗೊತ್ತಿರಲಿ. ಹಾಳಾದ ವೈದ್ಯಕೀಯ ಉಪಕರಣಕ್ಕೆ ಕೊಂಡ ಬೆಲೆಯ ಎರಡರಷ್ಟನ್ನು ಕೋರ್ಟ್ ತೀರ್ಮಾನದಂತೆ ಕಟ್ಟಿಕೊಡಬೇಕು. ಕಟ್ಟದಿದ್ದರೆ ಭೂಕಂದಾಯ ಬಾಕಿಯ ಹಾಗೆ ವಸೂಲಿ ಮಾಡುತ್ತಾರೆ. ನಮ್ಮ ಕಡೆ ಜಮೀನಿರುವ ಯಾರಿಗೇ ಆಗಲಿ ಈ ಮಾತು ಬೇಗ ಅರ್ಥವಾಗುತ್ತದೆ. ಹಾಗಾಗಿ ಮಾನಿಟರ್ ಕೊಂಡ ಬಿಲ್ ಜೋಪಾನವಾಗಿ ಇಡಿ ಎಂದು ಆಸ್ಪತ್ರೆಯವರಿಗೆ ನಾನು ಯಾವಾಗಲೂ ಹೇಳುತ್ತೇನೆ.

ಇದೇ ಘಟನೆ ಸರ್ಕಾರಿ ಆಸ್ಪತ್ರೆಯಲ್ಲಿ ಆಗಿದ್ದರೆ? ಮಂಡ್ಯದ ಮಿಮ್ಸ್‌ನಲ್ಲೋ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೋ ಚೆಲುವಾಂಬದಲ್ಲೋ ಇರುವ ಕಾಯಂ ನರ್ಸ್ ಸರ್ಕಾರಿ ನೌಕರಳು. ಆಗ 2009ರ ಕಾಯ್ದೆಯ ಜೊತೆಗೆ ಇನ್ನೂ ಕೆಲವು ಕಲಂ ಸೇರುತ್ತವೆ. ಸರ್ಕಾರಿ ನೌಕರರು ಕರ್ತವ್ಯ ಮಾಡದಂತೆ ತಡೆಯಲು ಹಲ್ಲೆ ಮಾಡಿದರೆ ನ್ಯಾಯ ಸಂಹಿತೆಯ 132ನೇ ಕಲಂ, 2 ವರ್ಷದವರೆಗೆ ಜೈಲು. ಗಾಯವೂ ಆಗಿದ್ದರೆ 121(1), 5 ವರ್ಷದವರೆಗೆ. ಹಳೆಯ ಐಪಿಸಿಯಲ್ಲಿ 332 ಆಗಿದ್ದಾಗ ಇದಕ್ಕೆ 3 ವರ್ಷ ಇತ್ತು. ಈಗ ಜಾಸ್ತಿ ಮಾಡಿದ್ದಾರೆ. ಗಂಭೀರ ಗಾಯ ಆದರೆ 121(2), ಕನಿಷ್ಠ 1 ವರ್ಷ, ಗರಿಷ್ಠ 10 ವರ್ಷ. ಈ ಹೊಸ ಕಲಂಗಳು 2024ರ ಜುಲೈ 1ರಿಂದ ಈಚೆ ನಡೆದ ಘಟನೆಗೆ. ಅದಕ್ಕಿಂತ ಹಿಂದಿನದಕ್ಕೆ ಹಳೆಯ ಐಪಿಸಿಯೇ ಅನ್ವಯ.

ಇಲ್ಲಿ ಒಂದು ಅನ್ಯಾಯ ಇದೆ ಎಂದು ನನಗೆ ಮೊದಲಿಂದಲೂ ಅನಿಸಿದೆ. ಒಂದೇ ಕೋರ್ಸ್ ಓದಿದ ಇಬ್ಬರು ಗೆಳತಿಯರು. ಒಬ್ಬಳಿಗೆ ಸರ್ಕಾರಿ ಕೆಲಸ ಸಿಕ್ಕಿತು, ಇನ್ನೊಬ್ಬಳು ಅರ್ಧ ಸಂಬಳಕ್ಕೆ ಖಾಸಗಿಯಲ್ಲಿ ದುಡಿಯುತ್ತಾಳೆ. ಇಬ್ಬರಿಗೂ ಬಿದ್ದ ಏಟು ಒಂದೇ. ಆದರೆ ಸರ್ಕಾರಿ ನೌಕರಳಿಗೆ ಇರುವ 121, 132 ಖಾಸಗಿಯವಳಿಗೆ ಇಲ್ಲ. ಅವಳ ಪಾಲಿಗೆ ಇರುವ ಗಟ್ಟಿ ಆಸರೆ 2009ರ ಕಾಯ್ದೆಯೊಂದೇ. ಅದನ್ನೂ ಯಾರೂ ನೆನಪಿಸದಿದ್ದರೆ ಉಳಿಯುವುದು ಎನ್‌ಸಿಆರ್.

ಮೈಸೂರಿನ ಕೆ.ಆರ್. ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ರಾತ್ರಿ ಹೊತ್ತು ಎದುರಿಗೆ ಸಿಗುವವರು ಹೆಚ್ಚಾಗಿ ಇನ್ನೂ ತರಬೇತಿಯಲ್ಲಿರುವ ಹೌಸ್ ಸರ್ಜನ್‌ಗಳು ಮತ್ತು ಪಿ.ಜಿ. ವಿದ್ಯಾರ್ಥಿಗಳು. 1924ರಲ್ಲಿ ಶುರುವಾದ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಅದು. ಚಾಮರಾಜನಗರ, ಕೊಡಗು, ಮಂಡ್ಯ ಎಲ್ಲ ಕಡೆಯಿಂದ ರೋಗಿಗಳು ಅಲ್ಲಿಗೇ ಬರುತ್ತಾರೆ. ಇಪ್ಪತ್ತಮೂರು, ಇಪ್ಪತ್ನಾಲ್ಕು ವರ್ಷದ ಆ ಮಕ್ಕಳು ಸ್ಟೈಪೆಂಡ್ ತಗೊಂಡು ಕೆಲಸ ಮಾಡುವವರು. ಇವರು ಸರ್ಕಾರಿ ನೌಕರರೇ ಎಂದು ಎದುರು ಪಾರ್ಟಿ ವಕೀಲರು ಕೇಳಿಯೇ ಕೇಳುತ್ತಾರೆ. ಆದರೆ 2009ರ ಕಾಯ್ದೆ ವಿದ್ಯಾರ್ಥಿಗಳನ್ನೂ ಸೇರಿಸಿಕೊಂಡಿರುವುದರಿಂದ ಆ ವಾದ ಗೆದ್ದರೂ ಕೇಸು ಬಿದ್ದುಹೋಗುವುದಿಲ್ಲ. ಅದಕ್ಕೇ ಎರಡನ್ನೂ ಸೇರಿಸಿ ಹಾಕಬೇಕು.

ಇನ್ನೊಂದು ತಪ್ಪು ತಿಳಿವಳಿಕೆ. "ಹೊಡೆದಿಲ್ಲ, ಕೈ ಎತ್ತಿದ ಅಷ್ಟೇ" ಎಂದು ಹಲ್ಲೆ ಮಾಡಿದವರ ಕಡೆಯವರು ಹೇಳುತ್ತಾರೆ. ಕೆಲವೊಮ್ಮೆ ಏಟು ತಪ್ಪಿಸಿಕೊಂಡವರೂ ಹಾಗೇ ಅಂದುಕೊಂಡು ಸುಮ್ಮನಾಗುತ್ತಾರೆ. ಕಾನೂನಿನ ಲೆಕ್ಕದಲ್ಲಿ ಹಲ್ಲೆ ಆಗಲು ಮೈಗೆ ಏಟು ಬೀಳಬೇಕಿಲ್ಲ. ಈಗಲೇ ಹೊಡೆದುಬಿಡುತ್ತಾನೆ ಎಂದು ಎದುರಿನವರಿಗೆ ಭಯ ಹುಟ್ಟುವ ಹಾಗೆ ಕೈ ಎತ್ತಿದರೂ, ಸ್ಟೂಲ್ ಎತ್ತಿ ಹಿಡಿದರೂ ಅದು ಹಲ್ಲೆಯೇ. ಬರೀ ಬೈದರೆ ಹಲ್ಲೆ ಆಗುವುದಿಲ್ಲ. ಆದರೆ ಬೈಯುತ್ತಾ ಮುಂದೆ ನುಗ್ಗಿ ಬಂದರೆ, ಆ ಮಾತೇ ಆ ನಡೆಗೆ ಅರ್ಥ ಕೊಡುತ್ತದೆ. ಅದಕ್ಕೆ ದೂರಿನಲ್ಲಿ "ಅವಾಚ್ಯವಾಗಿ ಬೈದರು" ಎಂದು ಬರೆದು ಬಿಡಬಾರದು. ಆಡಿದ ಮಾತನ್ನು ಇದ್ದ ಹಾಗೇ ಬರೆಯಬೇಕು. ಬರೆಯಲು ಮುಜುಗರ ಆಗುತ್ತದೆ, ನನಗೆ ಗೊತ್ತು. ಆದರೂ ಬರೆಯಬೇಕು. ಜಾತಿ ಹಿಡಿದು ಬೈದಿದ್ದರಂತೂ ಬಿಡಲೇಬಾರದು. ವಾರ್ಡಿನಲ್ಲಿ ಮೊದಲು ಬೈಸಿಕೊಳ್ಳುವವರು ನೆಲ ಒರೆಸುವ, ಸ್ಟ್ರೆಚರ್ ತಳ್ಳುವ ಕೆಲಸದವರು. ಅವರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ 1989ರ ದೌರ್ಜನ್ಯ ತಡೆ ಕಾಯ್ದೆ ಅವರ ಬೆನ್ನಿಗೆ ನಿಲ್ಲುತ್ತದೆ. ಹೆಣ್ಣುಮಕ್ಕಳ ಮೈಮೇಲೆ ಕೆಟ್ಟ ಉದ್ದೇಶದಿಂದ ಕೈ ಹಾಕಿದ್ದರೆ ನ್ಯಾಯ ಸಂಹಿತೆಯ 74ನೇ ಕಲಂ, ಅದಕ್ಕೆ 1ರಿಂದ 5 ವರ್ಷ.

ಗಂಭೀರ ಗಾಯ ಅಂದರೆ ಐಸಿಯು ಸೇರಬೇಕು ಎಂದೂ ಜನ ಭಾವಿಸುತ್ತಾರೆ. ಹಾಗಿಲ್ಲ. ಒಂದು ಹಲ್ಲು ಮುರಿದರೂ ಅದು ಗಂಭೀರ ಗಾಯ. ಬೆರಳಿನ ಮೂಳೆ ಬಿರುಕು ಬಿಟ್ಟರೂ ಹಾಗೆಯೇ. 15 ದಿನ ತೀವ್ರ ನೋವಿದ್ದು, ಎಂದಿನ ಕೆಲಸ ಮಾಡಲು ಆಗದಿದ್ದರೂ ಸೇರುತ್ತದೆ. ಐಪಿಸಿ ಕಾಲದಲ್ಲಿ ಇದು 20 ದಿನ ಇತ್ತು. ನಮ್ಮ ಹುಡುಗಿಗೆ ಮೊದಲು ಹೇಳಿದ್ದು ಇದನ್ನೇ: ಹೋಗಿ ಎಕ್ಸ್‌ರೇ ತೆಗೆಸು, ಎಂಎಲ್‌ಸಿ ಮಾಡಿಸು, ಅಂದರೆ ಡಾಕ್ಟರ ಕೈಲಿ ಗಾಯವನ್ನು ಕಾನೂನು ದಾಖಲೆಯಾಗಿ ಬರೆಸು. ಅವಳು ಆಸ್ಪತ್ರೆಯಲ್ಲೇ ಇದ್ದಳು, ಸುತ್ತ ಡಾಕ್ಟರುಗಳಿದ್ದರು. ಆದರೂ ಅವಳ ಕೈಯನ್ನು ಯಾರೂ ಪರೀಕ್ಷೆ ಮಾಡಿ ಬರೆದಿರಲಿಲ್ಲ. ಇದು ನಾನು ಪದೇ ಪದೇ ನೋಡುವ ಸಂಗತಿ. ಬೇರೆಯವರ ಗಾಯವನ್ನು ದಿನಾ ರಿಜಿಸ್ಟರಿನಲ್ಲಿ ಬರೆಯುವವರು ತಮ್ಮ ಗಾಯವನ್ನು ಬರೆಸುವುದಿಲ್ಲ. ಆರು ತಿಂಗಳ ಮೇಲೆ ಕೋರ್ಟಿನಲ್ಲಿ "ಗಾಯದ ಸರ್ಟಿಫಿಕೇಟ್ ಎಲ್ಲಿ?" ಎಂದರೆ ಕೊಡಲು ಏನೂ ಇರುವುದಿಲ್ಲ.

ಜಾಮೀನು ರಹಿತ ಎಂಬ ಪದ ಕೇಳಿ ತುಂಬ ಜನ ಮೋಸ ಹೋಗುತ್ತಾರೆ. "ನಾನ್ ಬೇಲಬಲ್ ಅಂದ್ರಲ್ಲ, ಮತ್ತೆ ಮಾರನೇ ದಿನಾನೇ ಟೀ ಅಂಗಡಿ ಹತ್ರ ಕೂತಿದ್ನಲ್ಲ?" ಎಂದು ಕೇಳುತ್ತಾರೆ. ಜಾಮೀನು ರಹಿತ ಎಂದರೆ ಜಾಮೀನೇ ಇಲ್ಲ ಎಂದಲ್ಲ. ಅದನ್ನು ಹಕ್ಕೆಂದು ಠಾಣೆಯಲ್ಲಿ ಕೇಳಿ ಪಡೆಯಲು ಆಗುವುದಿಲ್ಲ, ಕೊಡುವುದೋ ಬಿಡುವುದೋ ಕೋರ್ಟಿಗೆ ಬಿಟ್ಟದ್ದು. ಇದರ ಜೊತೆಗೆ, 7 ವರ್ಷದವರೆಗೆ ಶಿಕ್ಷೆ ಇರುವ ಕೇಸುಗಳಲ್ಲಿ ಪೊಲೀಸರು ಸುಮ್ನೆ ಬಂಧಿಸುವ ಹಾಗಿಲ್ಲ. ಕಾರಣ ಬರೆಯಬೇಕು, ಬಂಧನ ಬೇಡವೆನಿಸಿದರೆ ಸುರಕ್ಷಾ ಸಂಹಿತೆಯ 35(3)ರ ಪ್ರಕಾರ ನೋಟಿಸ್ ಕೊಟ್ಟು ಠಾಣೆಗೆ ಕರೆಸಬೇಕು. 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿ ಹೇಳಿದೆ. ಆರೋಪಿ ಹೊರಗಿದ್ದಾನೆ ಎಂದರೆ ಕೇಸು ಸತ್ತಿತು ಎಂದಲ್ಲ. ಈ ಮಾತನ್ನು ಏಟು ತಿಂದವರಿಗೆ ಮೊದಲ ದಿನವೇ ಯಾರಾದರೂ ಹೇಳಬೇಕು. ಹೇಳದಿದ್ದರೆ ಅವನನ್ನು ಟೀ ಅಂಗಡಿಯಲ್ಲಿ ನೋಡಿದ ದಿನವೇ ಅವರ ಧೈರ್ಯ ಕುಸಿಯುತ್ತದೆ.

ಆಸ್ಪತ್ರೆಯ ಗೋಡೆ ದಾಟಿದರೆ ಚಿತ್ರ ಸ್ವಲ್ಪ ಮಸುಕಾಗುತ್ತದೆ. 2009ರ ಕಾಯ್ದೆಯನ್ನು ಆಸ್ಪತ್ರೆಯ ಸುತ್ತ ಕಟ್ಟಿದ್ದಾರೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಅಪಘಾತ ಆಗಿ, ಮದ್ದೂರಿನ ಹತ್ತಿರ 108 ಬಂದು ನಿಂತಿದೆ ಅಂದುಕೊಳ್ಳಿ. ಸೇರಿದ ಜನ "ಇಷ್ಟೊತ್ತಾ ಬರೋದು?" ಎಂದು ಆಂಬುಲೆನ್ಸ್‌ನಲ್ಲಿ ತುರ್ತು ಚಿಕಿತ್ಸೆ ಕೊಡುವ ಇಎಂಟಿಯ ಕಾಲರ್ ಹಿಡಿಯುತ್ತಾರೆ. 2008ರ ನವೆಂಬರ್‌ನಲ್ಲಿ ಶುರುವಾದ ಆರೋಗ್ಯ ಕವಚ 108 ಸೇವೆ ಸರ್ಕಾರದ್ದು. ಆದರೆ ಶುರುವಿನಿಂದ ಅದನ್ನು ಗುತ್ತಿಗೆ ಸಂಸ್ಥೆಯ ಮೂಲಕ ನಡೆಸಿಕೊಂಡು ಬಂದಿದ್ದಾರೆ. ಆ ಇಎಂಟಿ ಸರ್ಕಾರಿ ನೌಕರನೇ? ಸರ್ಕಾರದ ದುಡ್ಡಿನಲ್ಲಿ ಸಾರ್ವಜನಿಕ ಕೆಲಸ ಮಾಡುವವನು ಎಂದು ನಾವು ವಾದಿಸುತ್ತೇವೆ, ಗುತ್ತಿಗೆಯವನು ಎಂದು ಅವರು. ರಸ್ತೆ ಆಸ್ಪತ್ರೆಯೇ ಎಂಬ ಇನ್ನೊಂದು ವಾದವೂ ಬರುತ್ತದೆ. ಇಂಥ ಕಡೆ ದೂರಿನಲ್ಲಿ ರೋಗಿ ಆಂಬುಲೆನ್ಸ್ ಒಳಗಿದ್ದರು, ಇಂಥ ಆಸ್ಪತ್ರೆಗೆ ಸಾಗಿಸುತ್ತಿದ್ದೆವು, ಆಗ ಆಕ್ಸಿಜನ್ ಕೊಡುತ್ತಿದ್ದೆ ಎಂದು ಬಿಡಿಸಿ ಬರೆಯುವುದು ತುಂಬ ಮುಖ್ಯ. ಆಂಬುಲೆನ್ಸ್‌ಗೆ ದಾರಿ ಬಿಡದವರಿಗೆ ಮೋಟಾರು ವಾಹನ ಕಾಯ್ದೆಯ 194ಇ ಬೇರೆಯೇ ಇದೆ. 2019ರ ತಿದ್ದುಪಡಿಯಲ್ಲಿ ಬಂದದ್ದು. 6 ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ.

ಅಗ್ನಿಶಾಮಕ ದಳದವರು, ಪೊಲೀಸರು ಸರ್ಕಾರಿ ನೌಕರರೇ. ಅವರಿಗೆ 121, 132 ನೇರವಾಗಿ ಸಿಗುತ್ತದೆ. ಆಶಾ ಕಾರ್ಯಕರ್ತೆಯರ ಸ್ಥಿತಿ ಹಾಗಲ್ಲ. ಗೌರವಧನಕ್ಕೆ ದುಡಿಯುವವರು, ಕೆಲಸವೆಲ್ಲ ಬೇರೆಯವರ ಮನೆ ಬಾಗಿಲಲ್ಲಿ. ಕೋವಿಡ್ ಸಮಯದಲ್ಲಿ ಮನೆ ಮನೆ ಸುತ್ತಿದವರು ಇವರೇ. ಆಗ 2020ರ ಏಪ್ರಿಲ್ 22ರಂದು ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದು, 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ ತಿದ್ದುಪಡಿ ಮಾಡಿತು. ಸೆಪ್ಟೆಂಬರ್‌ನಲ್ಲಿ ಸಂಸತ್ತು ಅದನ್ನು ಒಪ್ಪಿತು. ನನ್ನ ಲೆಕ್ಕದಲ್ಲಿ ಈವರೆಗೆ ಬಂದ ಚೆನ್ನಾದ ಕಾನೂನು ಅದು. ಸಮುದಾಯ ಆರೋಗ್ಯ ಕಾರ್ಯಕರ್ತರನ್ನು ಹೆಸರಿಟ್ಟು ಸೇರಿಸಿತ್ತು. ಹಿಂಸೆಗೆ 3 ತಿಂಗಳಿಂದ 5 ವರ್ಷ, ಗಂಭೀರ ಗಾಯಕ್ಕೆ 6 ತಿಂಗಳಿಂದ 7 ವರ್ಷ. ದಂಡ 5 ಲಕ್ಷದವರೆಗೆ ಹೋಗುತ್ತಿತ್ತು. ಇನ್‌ಸ್ಪೆಕ್ಟರ್ ದರ್ಜೆಯವರು 30 ದಿನದಲ್ಲಿ ತನಿಖೆ ಮುಗಿಸಬೇಕು, ವಿಚಾರಣೆ ಒಂದು ವರ್ಷದಲ್ಲಿ ಮುಗಿಯಬೇಕು ಎಂದೂ ಇತ್ತು. ಆದರೆ ಅದು ಸಾಂಕ್ರಾಮಿಕ ರೋಗ ಇರುವ ಕಾಲಕ್ಕೆ ಮಾತ್ರ. ರೋಗ ಹೋಯಿತು, ರಕ್ಷಣೆಯೂ ಹೋಯಿತು. ಡೆಂಗಿ ಲಾರ್ವಾ ನೋಡಲು ಇವತ್ತೂ ಮನೆ ಮನೆಗೆ ಹೋಗುವ ಆಶಾ ಅಕ್ಕಂದಿರಿಗೆ ಆ ಭರವಸೆ ಉಳಿಯಬೇಕಿತ್ತು.

ಇಡೀ ದೇಶಕ್ಕೆ ಒಂದೇ ಕಾಯ್ದೆ ಬೇಕು ಎಂಬ ಬೇಡಿಕೆ ಹಳೆಯದು. 2019ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಕರಡು ಮಾಡಿತ್ತು, ಗಂಭೀರ ಗಾಯಕ್ಕೆ 10 ವರ್ಷದವರೆಗೆ ಶಿಕ್ಷೆ ಇಟ್ಟಿತ್ತು. ಅದು ಮುಂದೆ ಹೋಗಲಿಲ್ಲ. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತಾದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಕರ್ತವ್ಯದಲ್ಲಿದ್ದ ಯುವ ವೈದ್ಯೆಯ ಅತ್ಯಾಚಾರ, ಕೊಲೆ ಆದ ಮೇಲೆ ಸುಪ್ರೀಂ ಕೋರ್ಟ್ ರಾಷ್ಟ್ರೀಯ ಕಾರ್ಯಪಡೆ ರಚಿಸಿತು. ರಾಜ್ಯಗಳ ಕಾಯ್ದೆ ಮತ್ತು ನ್ಯಾಯ ಸಂಹಿತೆ ಸಾಕು, ಬೇರೆ ಕೇಂದ್ರ ಕಾಯ್ದೆ ಬೇಕಿಲ್ಲ ಎಂದು ಆ ಕಾರ್ಯಪಡೆ ಹೇಳಿತು. ಅದೇ ಆಗಸ್ಟ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಕೇಂದ್ರದ ಆಸ್ಪತ್ರೆಗಳಿಗೆ ಒಂದು ಸೂಚನೆ ಕಳಿಸಿತ್ತು: ಕರ್ತವ್ಯದಲ್ಲಿದ್ದವರ ಮೇಲೆ ಹಲ್ಲೆ ಆದರೆ 6 ಗಂಟೆಯೊಳಗೆ ಸಂಸ್ಥೆಯ ಮುಖ್ಯಸ್ಥರೇ ಎಫ್‌ಐಆರ್ ದಾಖಲಿಸುವ ಹೊಣೆ ಹೊರಬೇಕು.

ಆ ಸೂಚನೆಯ ಹಿಂದಿನ ಬುದ್ಧಿ ನನಗೆ ತುಂಬ ಸರಿ ಎನಿಸುತ್ತದೆ. ಏಕೆಂದರೆ ನಮ್ಮ ಹುಡುಗಿ ಠಾಣೆಗೆ ಒಬ್ಬಳೇ ಹೋಗಿದ್ದಳು. ಆಡಳಿತದವರು "ಆಸ್ಪತ್ರೆ ಹೆಸರು ಹಾಳಾಗುತ್ತೆ, ನೀನು ಬೇಕಾದ್ರೆ ಕೊಡು" ಎಂದಿದ್ದರು. ಆಸ್ಪತ್ರೆ ದೂರು ಕೊಟ್ಟರೆ ಅದರ ಜೊತೆ ಡ್ಯೂಟಿ ರೋಸ್ಟರ್ ಬರುತ್ತದೆ, ಮಾನಿಟರ್ ಬಿಲ್ ಬರುತ್ತದೆ, ಸಿಸಿಟಿವಿ ಬರುತ್ತದೆ. ಒಬ್ಬಳು ನರ್ಸ್ ಕೊಟ್ಟರೆ ಬರುವುದು ಅವಳ ಮಾತು ಒಂದೇ. ಸಿಸಿಟಿವಿಯಂತೂ ಕಾಯುವುದಿಲ್ಲ. ಫುಟೇಜ್ ಉಳಿಸುವ ಡಿವಿಆರ್ ಪೆಟ್ಟಿಗೆ ತುಂಬಿದ ಹಾಗೆ ಹಳೆಯದರ ಮೇಲೆ ಹೊಸದು ಬರೆದುಕೊಂಡು ಹೋಗುತ್ತದೆ. ಮೊದಲ ದಿನವೇ ಆ ಹೊತ್ತಿನ ಫುಟೇಜ್ ತೆಗೆದಿಡಿ ಎಂದು ಲಿಖಿತವಾಗಿ ಕೇಳಬೇಕು. ಕೋರ್ಟಿಗೆ ಕೊಡುವಾಗ, ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರವೂ ಜೊತೆಗೆ ಬೇಕು. ಅದಿಲ್ಲದೆ ಪೆನ್‌ಡ್ರೈವ್ ಕೊಟ್ಟು ಸೋತ ಕೇಸುಗಳನ್ನು ನಾನು ಕಣ್ಣಾರೆ ನೋಡಿದ್ದೇನೆ.

ಅಂದು ಸಂಜೆ ನನ್ನ ಮೇಜಿನ ಮೇಲೆಯೇ ಹೊಸ ದೂರು ಬರೆದೆವು. ಬರೆದವಳು ಅವಳೇ, ನಾನು ಕೇಳುತ್ತಾ ಹೋದೆ. ನಿನ್ನ ಹುದ್ದೆ? ಯಾವ ವಾರ್ಡು? ಎಷ್ಟು ಹೊತ್ತಿಗೆ? ಆ ಕ್ಷಣ ಕೈಯಲ್ಲಿ ಏನಿತ್ತು? ಯಾರು ಹಿಡಿದರು, ಯಾವ ಕೈ? ಏನಂದರು? ಸ್ಟ್ಯಾಂಡ್ ಎಲ್ಲಿ ಬಿತ್ತು? ಯಾರು ನೋಡಿದರು? ಮೂರು ಸಾಲು ಎರಡು ಪುಟ ಆಯಿತು. ಬಲಗೈ ನೋಯುತ್ತಿದ್ದರಿಂದ ನಡುನಡುವೆ ಪೆನ್ ಕೆಳಗಿಡುತ್ತಿದ್ದಳು. ಕೊನೆಗೆ 2009ರ ಕಾಯ್ದೆಯ ಹೆಸರು ಸೇರಿಸಿದೆವು. ದೂರು ಕೊಡುವವರು ಕಲಂ ಹೆಸರಿಸಲೇಬೇಕು ಎಂದಿಲ್ಲ, ಅದು ಪೊಲೀಸರ ಕೆಲಸ. ಆದರೂ ಹೆಸರಿಸಿದರೆ ಓದುವವರು ಒಂದು ಕ್ಷಣ ನಿಂತು ನೋಡುತ್ತಾರೆ.

ಠಾಣೆಯಲ್ಲಿ ತಗೋಳಲ್ಲ ಎಂದರೆ? ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಹಾಕಲೇಬೇಕು ಎಂದು ಸುಪ್ರೀಂ ಕೋರ್ಟಿನ 2013ರ ಲಲಿತಾ ಕುಮಾರಿ ತೀರ್ಪು ಹೇಳಿದೆ. ಈಗಿನ ಸುರಕ್ಷಾ ಸಂಹಿತೆಯ 173(3) ಒಂದು ಸಣ್ಣ ಕಿಟಕಿ ತೆರೆದಿದೆ: 3 ವರ್ಷದಿಂದ 7 ವರ್ಷದೊಳಗಿನ ಶಿಕ್ಷೆಯ ಕೇಸಿನಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಬಹುದು. ಹಾಗಾಗಿ "ವಿಚಾರಣೆ ಮಾಡ್ತೀವಿ" ಎಂದರೆ ಅನುಮತಿ ಯಾವತ್ತು ಪಡೆದಿರಿ ಎಂದು ವಿನಯವಾಗಿ ಕೇಳಿ. ಅಲ್ಲೂ ಆಗದಿದ್ದರೆ ಎಸ್‌ಪಿಗೆ ಬರೆಯಬಹುದು, ಆಮೇಲೆ ಮ್ಯಾಜಿಸ್ಟ್ರೇಟ್ ಬಳಿ ಹೋಗಬಹುದು. ನಮಗೆ ಅಷ್ಟು ದೂರ ಹೋಗಬೇಕಾಗಲಿಲ್ಲ. ಎರಡು ಪುಟ ಓದಿದ ಅಧಿಕಾರಿ ರಾತ್ರಿಯೇ ಎಫ್‌ಐಆರ್ ಹಾಕಿದರು. ಅದರ ಪ್ರತಿ ಉಚಿತ, ಕೇಳಿ ತಗೊಳ್ಳುವುದು ನಿಮ್ಮ ಹಕ್ಕು.

ಆ ಮಗನ ಬಗ್ಗೆಯೂ ಹೇಳಬೇಕು. ಅಪ್ಪನನ್ನು ರಾತ್ರಿ ಹೊತ್ತು ಗೂಡ್ಸ್ ಆಟೋದಲ್ಲಿ ಮಲಗಿಸಿಕೊಂಡು ಬಂದವನು. ಅವನ ಹೆದರಿಕೆ ನನಗೆ ಅರ್ಥವಾಗುತ್ತದೆ. ಡಾಕ್ಟರು ತಪ್ಪು ಮಾಡಿದ್ದರೆ, ಆಸ್ಪತ್ರೆ ಅಸಡ್ಡೆ ಮಾಡಿದ್ದರೆ ಅವನಿಗೂ ದಾರಿಗಳಿವೆ. ಖಾಸಗಿ ಆಸ್ಪತ್ರೆಯಾದರೆ ಗ್ರಾಹಕರ ಕೋರ್ಟಿಗೆ ಹೋಗಬಹುದು ಎಂದು 1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು. ನಿರ್ಲಕ್ಷ್ಯದಿಂದ ಸಾವು ಆಗಿದ್ದರೆ ನ್ಯಾಯ ಸಂಹಿತೆಯ 106(1)ರ ಅಡಿ ವೈದ್ಯರಿಗೆ 2 ವರ್ಷದವರೆಗೆ ಜೈಲು ಇದೆ. ಆದರೆ ಸುಪ್ರೀಂ ಕೋರ್ಟಿನ 2005ರ ಜೇಕಬ್ ಮ್ಯಾಥ್ಯೂ ತೀರ್ಪಿನ ಪ್ರಕಾರ ಸಣ್ಣ ತಪ್ಪು ಸಾಲದು, ಘೋರ ನಿರ್ಲಕ್ಷ್ಯ ಬೇಕು. ಅದಕ್ಕೆ ಬೇರೊಬ್ಬ ವೈದ್ಯರ ಅಭಿಪ್ರಾಯವೂ ಬೇಕು. ಕೇಸ್ ಶೀಟ್ ಪ್ರತಿ ಕೇಳಿ ಪಡೆಯಿರಿ, ಅದೇ ಎಲ್ಲದಕ್ಕೂ ಆಧಾರ. ಸೂಜಿ ಹಿಡಿದವಳ ಕೈ ತಿರುಚಿದರೆ ನಷ್ಟ ಆಗುವುದು ಮೊದಲು ಅವನ ಅಪ್ಪನಿಗೇ.

ಎರಡು ತಿಂಗಳ ಮೇಲೆ ಅವನ ಕಡೆಯ ಹಿರಿಯರು ಹಣ್ಣು, ಹೂವು ಹಿಡಿದು ಹುಡುಗಿಯ ಮನೆಗೆ ಬಂದರು. "ತಪ್ಪಾಯ್ತು ಕಣವ್ವ, ರಾಜಿ ಮಾಡ್ಕೊಳನ" ಎಂದರು. ನಮ್ಮ ಊರುಗಳಲ್ಲಿ ಇದು ಸಹಜ. ಇವಳು ಫೋನ್ ಮಾಡಿ ಕೇಳಿದಳು. ಸಾಮಾನ್ಯ ಗಾಯದ 115(2) ಒಂದೇ ಇದ್ದಿದ್ದರೆ ಇಬ್ಬರೂ ಒಪ್ಪಿ ಕೋರ್ಟಿನಲ್ಲಿ ರಾಜಿ ಮಾಡಿಕೊಳ್ಳಬಹುದಿತ್ತು. 2009ರ ಕಾಯ್ದೆಯ ಅಪರಾಧವನ್ನು ಹಾಗೆ ಕೆಳಗಿನ ಕೋರ್ಟಿನಲ್ಲಿ ರಾಜಿ ಮಾಡಲು ಬರುವುದಿಲ್ಲ. ಸರ್ಕಾರಿ ನೌಕರರ 121, 132 ಕೂಡ ಹಾಗೇ. ಹೈಕೋರ್ಟಿಗೆ ಹೋಗಿ ರದ್ದು ಮಾಡಿ ಎಂದು ಕೇಳಬಹುದು, ಅದು ಹೈಕೋರ್ಟಿನ ವಿವೇಚನೆ. ಇದನ್ನೆಲ್ಲ ಹೇಳಿ, ನಿನ್ನ ಮನಸ್ಸಿಗೆ ಬಂದ ಹಾಗೆ ಮಾಡು, ಯಾರ ಒತ್ತಾಯಕ್ಕೂ ಬೇಡ ಎಂದೆ. ಅವಳು ಬಂದವರಿಗೆ ಕಾಫಿ ಕೊಟ್ಟಳಂತೆ. ಅಜ್ಜನ ಉಸಿರಾಟ ಈಗ ಹೇಗಿದೆ, ಪಫ್ ಸರಿಯಾಗಿ ತಗೋತಿದ್ದಾರಾ ಎಂದು ವಿಚಾರಿಸಿದಳಂತೆ. ಕೇಸಿನ ಬಗ್ಗೆ, ಅವತ್ತು ನಡೆದಿದ್ದನ್ನ ಕೋರ್ಟಲ್ಲಿ ಹೇಳ್ತೀನಿ ಅಷ್ಟೇ ಅಂದಳಂತೆ.

ಚಾರ್ಜ್‌ಶೀಟ್ ಆಗಿದೆ. ಸಾಕ್ಷಿಗೆ ದಿನ ಕೊಟ್ಟಿದ್ದಾರೆ. ಇಂಥ ಕೇಸುಗಳು ಹೆಚ್ಚಾಗಿ ಬೀಳುವುದು ಇಲ್ಲೇ. ನೋಡಿದ ಆಯಾ ಕೆಲಸ ಬಿಟ್ಟು ಹೋಗಿರುತ್ತಾಳೆ, ಹೌಸ್ ಸರ್ಜನ್ ಊರು ಬಿಟ್ಟಿರುತ್ತಾನೆ, ನರ್ಸಿಗೆ ರಜೆ ಸಿಗುವುದಿಲ್ಲ. ಕೋರ್ಟಿನ ಸಮನ್ಸ್ ಬಂದರೆ ಹೋಗಲೇಬೇಕು, ಅದನ್ನು ತೋರಿಸಿ ರಜೆ ಕೇಳು ಎಂದು ಹೇಳಲು ನಿನ್ನೆ ಅವಳಿಗೆ ಫೋನ್ ಮಾಡಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅವಳೇ ಹೇಳಿದಳು.

"ಅಕ್ಕ, ಸಮನ್ಸ್ ಬಂತು. ಅವತ್ತಿನ ಡ್ಯೂಟಿ ಚೇಂಜ್ ಮಾಡಿಸ್ಕೊಂಡಿವ್ನಿ. ಆಯಮ್ಮನ್ನೂ ಕರ್ಕೊಂಡು ಬತ್ತೀನಿ."